ಜಿಮ್‌ನಲ್ಲಿ 180, ಸ್ಪರ್ಧೆಯಲ್ಲಿ ಸೊನ್ನೆ: ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ಪವರ್‌ಲಿಫ್ಟಿಂಗ್ ಬಗ್ಗೆ ಸುಮ್ಮನೆ ನಾಲ್ಕು ಸಾಲು ಬರೆದದ್ದು, ಅಷ್ಟಕ್ಕೇ ಇಷ್ಟು ಪತ್ರ ಬರ್ತದೆ ಅಂತ ಗೊತ್ತಿರ್ಲಿಲ್ಲ ಮಾರಾಯ್ರೇ. ಪ್ರೋಟೀನ್ ಪುಡಿ ಯಾವುದು ಒಳ್ಳೆದು, ಸೊಂಟ ನೋವಿಗೆ ಎಂತ ಮಾಡುದು, ಅದೆಲ್ಲ ಇನ್ನೊಮ್ಮೆ ನೋಡುವ. ಅರ್ಧಕ್ಕಿಂತ ಹೆಚ್ಚು ಜನ ತೋಡಿಕೊಂಡದ್ದು ಒಂದೇ ಸಂಕಟ, "ಕಾಂಪಿಟೇಶನ್‌ಗೆ ಹೋದೆ, ಟೋಟಲ್ಲೇ ಬರ್ಲಿಲ್ಲ". ಹಾಗಾಗಿ ಈ ಸಲ ಪೂರ್ತಿ ಅದೇ.

ಆಟ ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಪವರ್‌ಲಿಫ್ಟಿಂಗ್ ಅಂದ್ರೆ ಮೂರು ಎತ್ತು: ಬಾರ್ ಬೆನ್ನ ಮೇಲಿಟ್ಟು ಕೂತು ಏಳುವ ಸ್ಕ್ವಾಟ್, ಮಲಗಿ ಎತ್ತುವ ಬೆಂಚ್ ಪ್ರೆಸ್, ನೆಲದಿಂದ ಎತ್ತುವ ಡೆಡ್‌ಲಿಫ್ಟ್. ಒಂದೊಂದಕ್ಕೆ ಮೂರು ಚಾನ್ಸ್. ಮೂರರಲ್ಲೂ ನಿಮ್ಮ ಬೆಸ್ಟ್ ಯಾವುದೋ ಅದನ್ನು ಕೂಡಿಸಿದ್ರೆ ಟೋಟಲ್, ಪ್ಲೇಸ್ ಸಿಗುದು ಅದರ ಮೇಲೆ. ಯಾವುದಾದ್ರೂ ಒಂದರಲ್ಲಿ ಮೂರು ಚಾನ್ಸೂ ಹೋಯ್ತೋ, ಉಳಿದೆರಡರಲ್ಲಿ ನೀವು ಬೆಟ್ಟ ಎತ್ತಿದ್ರೂ ಟೋಟಲ್ ಇಲ್ಲ. ನಮ್ಮ ಹುಡುಗರ ಭಾಷೆಯಲ್ಲಿ ಇದಕ್ಕೆ "ಬಾಂಬ್ ಆದ" ಅಂತಾರೆ.

ಪ್ರಶ್ನೆ: ಸರ, ನಾ ಹುಬ್ಬಳ್ಳ್ಯಾಗ ಡಿಗ್ರಿ ಓದಾಕತ್ತೀನ್ರಿ, 74 ಕೆಜಿ ಕ್ಲಾಸು. ಜಿಮ್‌ನ್ಯಾಗ 180 ಸ್ಕ್ವಾಟ್ ಆರಾಮ್ ಹೊಡಿತೀನ್ರಿ. ಕಾಂಪಿಟೇಶನ್ದಾಗ 175ಕ್ಕ ಶುರು ಮಾಡಿದ್ನಿ, ಮೂರೂ ಸಲ ಎದ್ದು ನಿಂತೀನ್ರಿ, ಒಮ್ಮೆನೂ ಬಿದ್ದಿಲ್ಲ, ಆದ್ರೂ ಮೂರೂ ಸಲ ಕೆಂಪು ಲೈಟ್ ಹಾಕಿದ್ರು. ರೆಫ್ರಿಗೋಳು ನಮ್ಮ ಕಾಲೇಜಿನ ಮ್ಯಾಲೆ ಏನಾರ ಸಿಟ್ಟ್ ಇಟ್ಕೊಂಡಾರೇನ್ರಿ? ವಿಡಿಯೋ ಕಳಿಸೀನಿ ನೋಡ್ರಿ.
(ಹೆಸರು ಬೇಡ ಅಂದವರು, ಹುಬ್ಬಳ್ಳಿ)

ಉತ್ತರ: ತಮ್ಮ, ವಿಡಿಯೋ ನೋಡಿದೆ, ಒಂದಲ್ಲ ಹತ್ತು ಸಲ ನೋಡಿದೆ. ನಿಮ್ಮ ಗೆಳೆಯ ಎದುರಿಂದ ತೆಗೆದಿದ್ದಾನೆ, ಅದೂ ನಿಂತುಕೊಂಡು ಮೇಲಿಂದ. ಆ ಆಂಗಲ್‌ನಲ್ಲಿ ಯಾರದ್ದೇ ಸ್ಕ್ವಾಟ್ ಆದ್ರೂ ಡೆಪ್ತ್, ಅಂದ್ರೆ ಎಷ್ಟು ಕೆಳಗೆ ಕೂತ್ರು ಅನ್ನುದು, ಸರಿಯಾಗಿ ಗೊತ್ತಾಗುದಿಲ್ಲ. ಡೆಪ್ತ್ ಸರಿಯಾಗಿ ಕಾಣುದು ಬದಿಯಲ್ಲಿ ಕೂತ ಇಬ್ಬರು ರೆಫ್ರಿಗಳಿಗೆ, ಅದಕ್ಕೇ ಅವರನ್ನು ಅಲ್ಲಿ ಕೂರಿಸುದು. ಐಪಿಎಫ್, ಅಂದ್ರೆ ಅಂತಾರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಶನ್, ಅದರ ರೂಲ್ ಏನಂದ್ರೆ, ಸೊಂಟದ ಕೀಲಿನ ಹತ್ತಿರ ತೊಡೆಯ ಮೇಲ್ಭಾಗ ಉಂಟಲ್ಲ, ಅದು ಮೊಣಕಾಲಿನ ಮೇಲ್ತುದಿಗಿಂತ ಕೆಳಗೆ ಹೋಗ್ಬೇಕು. ಸಮ ಬಂದ್ರೂ ಸಾಲದು, ಕೆಳಗೆ. ಮೂವರಲ್ಲಿ ಇಬ್ಬರು ಬಿಳಿ ಲೈಟ್ ಕೊಟ್ರೆ ಪಾಸು, ಇಬ್ಬರು ಕೆಂಪು ಕೊಟ್ರೆ ಹೋಯ್ತು. ಲೈಟ್ ಆದ ಮೇಲೆ ಕಾರಣಕ್ಕೆ ಒಂದು ಕಾರ್ಡ್ ತೋರಿಸ್ತಾರೆ, ಸ್ಕ್ವಾಟ್‌ನಲ್ಲಿ ಕೆಂಪು ಕಾರ್ಡ್ ಅಂದ್ರೆ ಡೆಪ್ತ್ ಇಲ್ಲ, ನೀಲಿ ಅಂದ್ರೆ ಮೊಣಕಾಲು ಲಾಕ್ (ಪೂರ್ತಿ ನೇರ) ಆಗ್ಲಿಲ್ಲ ಅಥವಾ ಏಳುವಾಗ ಬಾರ್ ಮಧ್ಯೆ ಒಮ್ಮೆ ಕೆಳಗೆ ಇಳಿಯಿತು, ಹಳದಿ ಅಂದ್ರೆ ಕಾಲು ಅಲುಗಿಸಿದ್ದು, ರೆಫ್ರಿಯ ಕಮಾಂಡ್ ಕೇಳದೆ ಮಾಡಿದ್ದು, ಹೀಗೆ ಉಳಿದ ತಪ್ಪುಗಳು. ನಿಮಗೆ ಯಾವ ಕಾರ್ಡ್ ಬಂತು ಅಂತ ನೀವು ಬರೆಯಲೇ ಇಲ್ಲ, ನೋಡಿಯೇ ಇಲ್ಲ ಅಂತ ನನ್ನ ಲೆಕ್ಕ. ಮೊದಲನೇ ಸಲ ಕೆಂಪು ಕಾರ್ಡ್ ಬಂದದ್ದು ಕಂಡಿದ್ರೆ ಎರಡನೇ ಸಲ ಇನ್ನೂ ಎರಡು ಇಂಚು ಕೂರ್ತಿದ್ರಿ.

ಅಥವಾ ಕೂರ್ತಿರ್ಲಿಲ್ಲ. ಯಾಕಂದ್ರೆ ನಿಜವಾದ ಸಂಗತಿ ಇರುದು ಆ 175ರಲ್ಲಿ. ನಿಮ್ಮ ಜೀವಮಾನದ ಬೆಸ್ಟ್ 180, ಓಪನರ್ 175, ಅಂದ್ರೆ ತಾಕತ್ತಿನ ನೂರಕ್ಕೆ 97 ಪಾಲು ಮೊದಲನೇ ಚಾನ್ಸ್‌ನಲ್ಲೇ ಕೇಳಿದ ಹಾಗೆ. ಅಷ್ಟು ಭಾರ ಬೆನ್ನ ಮೇಲೆ ಇದ್ದಾಗ ಮೈ ತಾನಾಗಿಯೇ ಮೋಸ ಮಾಡ್ತದೆ, ಕೆಳಗೆ ಹೋದ್ರೆ ಏಳ್ಲಿಕ್ಕಾಗ್ಲಿಕ್ಕಿಲ್ಲ ಅಂತ ಅದಕ್ಕೆ ಗೊತ್ತು, ಹಾಗಾಗಿ ಸ್ವಲ್ಪ ಮೇಲೆಯೇ ತಿರುಗಿಸಿ ಬಿಡ್ತದೆ, ನಿಮಗೆ ಮಾತ್ರ ಪೂರ್ತಿ ಕೂತ ಹಾಗೆ ಅನಿಸ್ತದೆ. ಮೊದಲನೇದು ಫೇಲ್ ಆದ ಮೇಲೆ ತೂಕ ಇಳಿಸ್ಲಿಕ್ಕೆ ರೂಲ್ ಇಲ್ಲ. ಅದೇ 175 ಮತ್ತೊಮ್ಮೆ, ಸುಸ್ತಾದ ಕಾಲಲ್ಲಿ. ಆಮೇಲೆ ಮೂರನೇ ಸಲ, ಇನ್ನೂ ಸುಸ್ತಾದ ಕಾಲು, ತಲೆಯಲ್ಲಿ ಹೆದರಿಕೆ. ಅಲ್ಲಿಂದ ಮೇಲೆ ಬಂದವರು ಇದ್ದಾರೆ, ಆದ್ರೆ ಅದನ್ನು ನಂಬಿ ಹೋಗುದಲ್ಲ.

ಓಪನರ್ ಅಂದ್ರೆ ಖಾತೆ ತೆರೆಯುದು ಅಷ್ಟೇ. ಕ್ರಿಕೆಟ್‌ನಲ್ಲಿ ಮೊದಲ ಬಾಲಿಗೇ ಸಿಕ್ಸ್ ಹೊಡೀಲಿಕ್ಕೆ ಹೋಗಿ ಡಕ್ ಆದವನ ಕಥೆ ನಿಮ್ಮದು. ಜ್ವರ ಬಂದ ದಿನವೂ, ನಿದ್ದೆ ಇಲ್ಲದ ದಿನವೂ, ಮೂರು ಸಲ ಒಟ್ಟೊಟ್ಟಿಗೆ ಸರಿಯಾಗಿ ಮಾಡ್ಲಿಕ್ಕೆ ಆಗುವ ತೂಕ ಯಾವುದೋ ಅದು ಓಪನರ್. ನಿಮಗೆ 160, ಹೆಚ್ಚೆಂದ್ರೆ 162.5. ಅದು ಪಾಸಾದ್ರೆ 172.5, ಅಲ್ಲಿಂದ ಮೂರನೇದಕ್ಕೆ 180 ಕೇಳಿ, ಬೇಕಾದ್ರೆ 182.5 ಕೇಳಿ, ಯಾರು ಬೇಡ ಅಂತಾರೆ. 160ಕ್ಕೆ ಓಪನ್ ಮಾಡಿದವನೂ 175ಕ್ಕೆ ಓಪನ್ ಮಾಡಿದವನೂ ಕೊನೆಗೆ 180ಕ್ಕೇ ಬಂದು ನಿಲ್ಲುದು. ಓಪನರ್‌ಗೆ ಪದಕ ಇಲ್ಲ.

ಇನ್ನೊಂದು ವಿಷಯ, ಇದನ್ನು ಕೇಳಿದ್ರೆ ಬೇಜಾರಾಗ್ಬಹುದು. ನಿಮ್ಮ 180 ನಿಜವಾಗಿ 180 ಹೌದಾ? ನಮ್ಮ ಊರುಗಳ ಜಿಮ್‌ನಲ್ಲಿ 20 ಅಂತ ಬರೆದ ಎಷ್ಟೋ ಕಬ್ಬಿಣದ ಪ್ಲೇಟು ತೂಗಿದ್ರೆ 20 ಇರುದಿಲ್ಲ. ಬಾರ್ 20 ಕೆಜಿ ಅಂತ ಎಲ್ಲರೂ ಲೆಕ್ಕ ಹಾಕ್ತಾರೆ, ತೂಗಿ ನೋಡಿದವರು ಯಾರು? ಸ್ಪರ್ಧೆಯಲ್ಲಿ ಬಾರ್ 20, ಪ್ಲೇಟು ಜಾರದ ಹಾಗೆ ಎರಡು ಬದಿ ಬಿಗಿಯುವ ಕಾಲರ್ 2.5ರ ಹಾಗೆ 5, ಪ್ಲೇಟುಗಳು ಕ್ಯಾಲಿಬ್ರೇಟೆಡ್, ಅಂದ್ರೆ ಬರೆದಷ್ಟೇ ತೂಕ ಇರುವಂಥವು. ಒಮ್ಮೆ ನಿಮ್ಮ ಜಿಮ್‌ನ ಬಾರನ್ನು ಗೋಣಿ ತೂಗುವ ತಕ್ಕಡಿಗೆ ಹಾಕಿ ನೋಡಿ. ನಾನು ಹಾಕಿ ನೋಡಿದ್ದೇನೆ, ಆ ದಿನ ರಾತ್ರಿ ಊಟ ಸೇರ್ಲಿಲ್ಲ.

ರೆಫ್ರಿಗಳ ಸಿಟ್ಟು ಎಂತದೂ ಅಲ್ಲ ಅಂತ ನನಗೆ ಕಾಣುದು. ಮೂರು ಸಲ, ಮೂರು ಜನ, ಒಂಬತ್ತು ಲೈಟು. ಅಷ್ಟೂ ಜನಕ್ಕೆ ನಿಮ್ಮ ಕಾಲೇಜಿನ ಮೇಲೆ ಸಿಟ್ಟಿದ್ರೆ ಪಾಪ ಅವರಿಗೆ ಬೇರೆ ಕೆಲಸವೇ ಇಲ್ಲ ಅಂತ ಆಯ್ತು. ಇನ್ನು ಮೇಲೆ ಫೋನನ್ನು ಬದಿಯಲ್ಲಿ, ಕೂತಾಗ ಸೊಂಟ ಎಲ್ಲಿ ಬರ್ತದೋ ಆ ಎತ್ತರಕ್ಕೆ ಸ್ಟೂಲ್ ಮೇಲಿಟ್ಟು ವಿಡಿಯೋ ತೆಗೀರಿ. "ಆಯ್ತು ಆಯ್ತು, ಏಳು" ಅಂತ ಹಿಂದಿನಿಂದ ಬೊಬ್ಬೆ ಹಾಕುವ ಗೆಳೆಯನನ್ನು ಸ್ವಲ್ಪ ದಿನ ದೂರ ಇಡಿ.

ಪ್ರಶ್ನೆ: ಸರ್, ನಾನು 57 ಕೆಜಿ ವಿಭಾಗ. ಬೆಂಚ್‌ನಲ್ಲಿ ಬರೀ 50 ಕೆಜಿಗೆ ಓಪನ್ ಮಾಡಿದ್ದು, ನನಗೆ 60 ಬರ್ತದೆ. ನೀವು ಹೇಳುವ ಹಾಗೆ ಕಮ್ಮಿಗೇ ಶುರು ಮಾಡಿದ್ದೆ, ಆದರೂ ಮೂರು ಫೇಲ್. ಈಗ ಮನೆಯಲ್ಲಿ "ಸಾಕು ಇನ್ನು" ಅಂತ ಶುರುವಾಗಿದೆ.
(ಬಿಕಾಂ ವಿದ್ಯಾರ್ಥಿನಿ, ಉಡುಪಿ)

ಉತ್ತರ: ತಂಗಿ, ನಿಮ್ಮದು ತೂಕದ ಕಥೆ ಅಲ್ಲ, ಕಿವಿಯ ಕಥೆ. ನೀವೇ ಬರೆದಿದ್ದೀರಿ, ಮೊದಲನೇ ಸಲ "ಪ್ರೆಸ್" ಅನ್ನುವ ಮೊದಲೇ ಎತ್ತಿದೆ, ಎರಡನೇ ಸಲ "ರ್ಯಾಕ್" ಅನ್ನುವ ಮೊದಲೇ ಇಟ್ಟೆ, ಮೂರನೇ ಸಲ ಗಾಬರಿಯಲ್ಲಿ ಸೊಂಟ ಬೆಂಚಿಂದ ಎದ್ದಿತು ಅಂತ. 50 ಏನು, ಬರೀ ಬಾರ್ ಇದ್ದಿದ್ರೂ ಇದೇ ಆಗ್ತಿತ್ತು.

ಬೆಂಚ್‌ನಲ್ಲಿ ಮೂರು ಕಮಾಂಡ್. ಕೈ ನೇರ ಮಾಡಿ ಬಾರ್ ಹಿಡಿದು ಅಲುಗದೆ ಇದ್ದಾಗ "ಸ್ಟಾರ್ಟ್", ಎದೆಗೆ ತಂದು ಬಾರ್ ಪೂರ್ತಿ ನಿಂತ ಮೇಲೆ "ಪ್ರೆಸ್", ಮೇಲೆ ಕೈ ಲಾಕ್ ಆದ ಮೇಲೆ "ರ್ಯಾಕ್". ಎದೆ ಮೇಲೆ ಬಾರ್ ನಿಲ್ಲುದು ಅಂದ್ರೆ ನಿಜಕ್ಕೂ ನಿಲ್ಲುದು, ಎದೆಗೆ ಬಡಿದು ಪುಟಿಸುದಲ್ಲ. ಜಿಮ್‌ನಲ್ಲಿ ಮುಟ್ಟಿಸಿ ಎತ್ತುವ ಅಭ್ಯಾಸ ಇದ್ದವರಿಗೆ ಆ ಒಂದು ಸೆಕೆಂಡು ಒಂದು ವರ್ಷದ ಹಾಗೆ ಕಾಣ್ತದೆ. ಮತ್ತೆ ತಲೆ, ಭುಜ, ಪೃಷ್ಠ ಬೆಂಚ್ ಬಿಡ್ಲಿಕ್ಕಿಲ್ಲ, ಪಾದ ಪೂರ್ತಿ ನೆಲಕ್ಕೆ ಊರಿರ್ಬೇಕು. ನೀವು ಗಿಡ್ಡ ಇದ್ರೆ ಕಾಲಡಿಗೆ ಬ್ಲಾಕ್ ಕೇಳ್ಬಹುದು, ಕೇಳ್ಲಿಕ್ಕೆ ನಾಚಿಕೆ ಬೇಡ. 2023ರಿಂದ ಐಪಿಎಫ್ ಇನ್ನೊಂದು ಸೇರಿಸಿದೆ, ಬಾರ್ ಎದೆಗೆ ಬಂದಾಗ ಮೊಣಕೈಯ ಕೆಳಭಾಗ ಭುಜದ ಕೀಲಿನ ಮೇಲ್ಮಟ್ಟಕ್ಕೆ ಸಮ ಅಥವಾ ಕೆಳಗೆ ಬರ್ಬೇಕು ಅಂತ. ಬೆನ್ನನ್ನು ಬಿಲ್ಲಿನ ಹಾಗೆ ಬಾಗಿಸಿ ನಾಲ್ಕು ಬೆರಳು ದೂರ ಮಾತ್ರ ಬಾರ್ ಅಲುಗಿಸುತ್ತಿದ್ದವರಿಗೆ ಇದು ದೊಡ್ಡ ಪೆಟ್ಟು. ನೀವು ಹಳೇ ಯೂಟ್ಯೂಬ್ ವಿಡಿಯೋ ನೋಡಿ ಕಲಿತದ್ದಾದ್ರೆ ಒಮ್ಮೆ ಚೆಕ್ ಮಾಡಿಸಿ.

ಮದ್ದು ಸುಲಭ. ವಾರಕ್ಕೆ ಒಂದು ದಿನ ಎಲ್ಲಾ ಎತ್ತುಗಳನ್ನೂ ಬೇರೆಯವರ ಕಮಾಂಡ್ ಮೇಲೆಯೇ ಮಾಡಿ. ಕಮಾಂಡ್ ಕೊಡುವವರು ಪ್ರತಿ ಸಲ ಬೇರೆ ಬೇರೆ ಹೊತ್ತು ಕಾಯಿಸ್ಬೇಕು, ಒಮ್ಮೆ ಬೇಗ, ಒಮ್ಮೆ ತಡ. ನಿಮ್ಮ ಅಮ್ಮನಿಗೆ ಹೇಳಿಕೊಡಿ, ಅವರೇ ಕೂತು "ಪ್ರೆಸ್" ಹೇಳ್ಲಿ, ಮನೆಯ ಗಲಾಟೆಯೂ ಸ್ವಲ್ಪ ಕಮ್ಮಿ ಆದೀತು.

ಅಂದ ಹಾಗೆ ಪ್ಯಾರಾ ಪವರ್‌ಲಿಫ್ಟಿಂಗ್‌ನಲ್ಲಿ ಇರುದು ಬೆಂಚ್ ಪ್ರೆಸ್ ಮಾತ್ರ. ಅಲ್ಲಿ ಮೂರು ಹೋದ್ರೆ ಇಡೀ ದಿನವೇ ಹೋಯ್ತು, ಸ್ಕ್ವಾಟ್‌ನಲ್ಲಿ ಮಾಡಿದ್ದೆ, ಡೆಡ್‌ಲಿಫ್ಟ್‌ನಲ್ಲಿ ಮಾಡುವೆ ಅಂತ ಹೇಳ್ಕೊಳ್ಲಿಕ್ಕೂ ಇಲ್ಲ. ನಮ್ಮ ಬೆಂಗಳೂರಿನ ಫರ್ಮಾನ್ ಬಾಷಾ ಅಂಥಾ ಆಟದಲ್ಲೇ ಅರ್ಜುನ ಪ್ರಶಸ್ತಿವರೆಗೆ ಹೋದವರು. ಆ ಮಟ್ಟದವರ ಬೆಂಚ್ ಒಮ್ಮೆ ನೋಡಿ, ಎದೆ ಮೇಲೆ ಬಾರ್ ಹೇಗೆ ನಿಲ್ಲಿಸ್ತಾರೆ ಅಂತ.

ಪ್ರಶ್ನೆ: ಸಾರ್, ನಮ್ಮುಡ್ಗ 87 ಕೆಜಿ ಇದ್ದ. 83ರಲ್ಲಿ ಆಡಿದ್ರೆ ಮೆಡಲ್ ಗ್ಯಾರಂಟಿ ಅಂತ ಯಾರೋ ಹೇಳವ್ರೆ, ಎರಡು ದಿನ ನೀರೂ ಕುಡೀದೆ ರೈನ್‌ಕೋಟ್ ಹಾಕ್ಕೊಂಡು ಓಡ್ದ. ತೂಕ ಏನೋ ಬಂತು. ಸ್ಕ್ವಾಟ್‌ನಲ್ಲಿ ಹೆಂಗೋ ಒಂದು ಎತ್ತಿದ, ಬೆಂಚಿಗೆ ಮಲಗಿದ್ಮೇಲೆ ತೊಡೆ ಹಿಡ್ಕೊಂಡು ಕಿರುಚ್ದ. ಟೋಟಲ್ ಇಲ್ಲ. ಇದು ಸರೀನಾ ಸಾರ್?
(ಒಬ್ಬ ತಂದೆ, ಮಂಡ್ಯ)

ಉತ್ತರ: ಸರಿ ಅಲ್ಲ ಯಜಮಾನ್ರೇ, ಸ್ವಲ್ಪವೂ ಸರಿ ಅಲ್ಲ, ಟೋಟಲ್ ಬಿಡಿ, ಜೀವಕ್ಕೇ ಅಪಾಯ. ಐಪಿಎಫ್ ಪದ್ಧತಿಯಲ್ಲಿ ದೇಹ ತೂಕ ನೋಡುದು ಸ್ಪರ್ಧೆ ಶುರುವಾಗುವ ಎರಡು ಗಂಟೆ ಮೊದಲು. ಎರಡು ದಿನ ಒಣಗಿಸಿದ ಮೈ ಎರಡು ಗಂಟೆಯಲ್ಲಿ ಹಸಿಯಾಗುದಿಲ್ಲ. ನೀರು ಹೊಟ್ಟೆಗೆ ಹೋದ ತಕ್ಷಣ ಮಾಂಸಖಂಡಕ್ಕೆ ಹೋಗಿ ಕೂರುದಿಲ್ಲ, ಬೆವರಲ್ಲಿ ಹೋದ ಉಪ್ಪಿನಂಶವೂ ಅಷ್ಟು ಬೇಗ ವಾಪಸ್ ಬರುದಿಲ್ಲ. ಬೆಂಚ್‌ನಲ್ಲಿ ಬೆನ್ನು ಬಾಗಿಸಿ ಕಾಲನ್ನು ಹಿಂದಕ್ಕೆ ಬಿಗಿಯಾಗಿ ಊರಿದಾಗ ತೊಡೆ, ಸೊಂಟ ಕ್ರ್ಯಾಂಪ್ ಹಿಡಿಯುದು ಹೀಗೆ ತೂಕ ಇಳಿಸಿದವರಲ್ಲಿ ಮಾಮೂಲು. ವಿದೇಶದ ಕೆಲವು ಫೆಡರೇಶನ್‌ಗಳಲ್ಲಿ ಹಿಂದಿನ ದಿನವೇ ತೂಕ ತಗೊಳ್ತಾರೆ, ಅವರ ವಿಡಿಯೋ ನೋಡಿ ನಮ್ಮ ಹುಡುಗರು ಅದನ್ನೇ ಇಲ್ಲಿ ಮಾಡ್ಲಿಕ್ಕೆ ಹೋಗ್ತಾರೆ, ಅಲ್ಲಿ ಚೇತರಿಸಿಕೊಳ್ಳಲು ಒಂದು ದಿನ ಸಿಗ್ತದೆ ಅನ್ನುದು ವಿಡಿಯೋದಲ್ಲಿ ಕಾಣುದಿಲ್ಲ ಅಲ್ವಾ.

ಅಷ್ಟು ಒಣಗಿ ತೂಕ ಕೊಟ್ಟ ಮೇಲೆ ಒಬ್ಬ ಹುಡುಗ ಸೀದಾ ಹೋಗಿ ಫುಲ್ ಬಿರಿಯಾನಿ ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಸ್ಕ್ವಾಟ್‌ಗೆ ಬೆಲ್ಟ್ ಬಿಗಿದ. ಮುಂದಿನದ್ದು ಬರೆಯುದಿಲ್ಲ, ನೀವು ಊಟ ಮಾಡ್ತಾ ಓದ್ತಿರ್ಬಹುದು.

ನಿಮ್ಮ ಮಗನಿಗೆ ಹೇಳಿ, ಮೊದಲ ಒಂದೆರಡು ವರ್ಷ ಇದ್ದ ತೂಕಕ್ಕೆ ಯಾವ ಕ್ಲಾಸ್ ಬರ್ತದೋ ಅದರಲ್ಲಿ ಆಡ್ಲಿ, 87 ಇದ್ರೆ 93ರಲ್ಲಿ. ತೂಕ ಕೊಟ್ಟ ಮೇಲೆ ಓಆರ್‌ಎಸ್, ಗಂಜಿ, ಬಾಳೆಹಣ್ಣು, ಇಡ್ಲಿ, ದಿನಾ ತಿನ್ನುವಂಥದ್ದೇ. ಹೊಸದೆಂತದೂ ಆ ದಿನ ಬೇಡ. ಆ "ಗ್ಯಾರಂಟಿ" ಕೊಟ್ಟ ಮಹಾನುಭಾವ ಯಾರೋ, ಅವನಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ಇದೆಲ್ಲ ಹೊಸಬರ ಸಮಸ್ಯೆ ಅಲ್ವಾ ಸರ್? ಇಂಟರ್‌ನ್ಯಾಷನಲ್ ಲೆವೆಲ್‌ನಲ್ಲಿ ಕೋಚು, ಫಿಸಿಯೋ ಎಲ್ಲ ಇರ್ತಾರೆ, ಅವರಿಗೆ ಹಿಂಗೆ ಆಗೋಕೆ ಚಾನ್ಸೇ ಇಲ್ಲ ಅನ್ಸುತ್ತೆ.
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಅಯ್ಯೋ, ಎಷ್ಟು ಬೇಕು ಹೇಳಿ. ಉದಾಹರಣೆಗೆ ಸ್ವಲ್ಪ ಪಕ್ಕದ ಮನೆಗೆ ಹೋಗುವ, ಒಲಿಂಪಿಕ್ಸ್‌ನಲ್ಲಿ ಇರುವ ವೇಟ್‌ಲಿಫ್ಟಿಂಗ್‌ಗೆ. ಅದು ಬೇರೆ ಆಟ, ಅಲ್ಲಿ ಸ್ನ್ಯಾಚ್ ಮತ್ತು ಕ್ಲೀನ್ ಅಂಡ್ ಜರ್ಕ್ ಅಂತ ಎರಡೇ, ಎರಡೂ ತಲೆ ಮೇಲೆ ಎತ್ತುದು. ಆದ್ರೆ ಕಾನೂನು ಇದೇ, ಮೂರು ಮೂರು ಚಾನ್ಸ್, ಒಂದರಲ್ಲಿ ಮೂರೂ ಹೋದ್ರೆ ಟೋಟಲ್ ಇಲ್ಲ.

ನಯೀಮ್ ಸುಲೇಮಾನೊಗ್ಲು ಅಂತ ಟರ್ಕಿಯವರು, ಕುಳ್ಳ ಮನುಷ್ಯ, ಪಾಕೆಟ್ ಹರ್ಕ್ಯುಲಿಸ್ ಅಂತಲೇ ಲೋಕಕ್ಕೆಲ್ಲ ಗೊತ್ತು. 1988, 1992, 1996, ಮೂರು ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ. ರಿಟೈರ್ ಆದವರು ನಾಲ್ಕನೇದಕ್ಕೆ ಅಂತ 2000ದಲ್ಲಿ ಸಿಡ್ನಿಗೆ ವಾಪಸ್ ಬಂದ್ರು, ಸ್ನ್ಯಾಚ್‌ಗೆ ಶುರು ಮಾಡಿದ್ದೇ 145 ಕೆಜಿಗೆ. ಒಂದು, ಎರಡು, ಮೂರು, ಮೂರೂ ಹೋಯ್ತು. ಅಲ್ಲಿಗೆ ಮುಗಿಯಿತು. ಸ್ವಲ್ಪ ಕಮ್ಮಿಗೆ ಖಾತೆ ತೆರೆದಿದ್ರೆ ಏನಾಗ್ತಿತ್ತೋ, ಆದ್ರೆ ಒಲಿಂಪಿಕ್ಸ್‌ನಲ್ಲಿ ಚಿನ್ನ ಬಿಟ್ಟು ಬೇರೆ ಬಣ್ಣ ನೋಡದ ಮನುಷ್ಯನಿಗೆ ಕಮ್ಮಿ ಕೇಳುದು ಅಷ್ಟು ಸುಲಭ ಅಲ್ಲ.

ನಮ್ಮ ಮೀರಾಬಾಯಿ ಚಾನು 2016ರ ರಿಯೋದಲ್ಲಿ ಆರು ಚಾನ್ಸ್‌ನಲ್ಲಿ ಒಂದೇ ಒಂದು ಪಾಸು, ಸ್ನ್ಯಾಚ್‌ನಲ್ಲಿ 82 ಕೆಜಿ. ಕ್ಲೀನ್ ಅಂಡ್ ಜರ್ಕ್ ಮೂರೂ ಹೋಯ್ತು, ಟೋಟಲ್ ಇಲ್ಲ. ಮರು ವರ್ಷ ಅದೇ ಮೀರಾಬಾಯಿ ವರ್ಲ್ಡ್ ಚಾಂಪಿಯನ್, 194 ಕೆಜಿ. ಟೋಕಿಯೋದಲ್ಲಿ 202 ಎತ್ತಿ ಬೆಳ್ಳಿ. ಒಂದು ವರ್ಷದಲ್ಲಿ ಸೊನ್ನೆಯಿಂದ ವಿಶ್ವ ಚಾಂಪಿಯನ್ ಆಗುವಷ್ಟು ತಾಕತ್ತು ಎಲ್ಲಿಂದಲೋ ಹೊಸದಾಗಿ ಬಂದದ್ದಲ್ಲ ಅಂತ ನನ್ನ ನಂಬಿಕೆ. ತಾಕತ್ತು ರಿಯೋದಲ್ಲೂ ಇತ್ತು, ಆ ದಿನ ಅದು ಬೋರ್ಡಿಗೆ ಏರ್ಲಿಲ್ಲ.

ಚೀನಾದ ಶಿ ಝಿಯೊಂಗ್ ಎರಡು ಒಲಿಂಪಿಕ್ಸ್ ಚಿನ್ನ ಇರುವವರು. 2024ರಲ್ಲಿ ಪ್ಯಾರಿಸ್‌ಗೆ ಬಂದ್ರು, ಸ್ನ್ಯಾಚ್‌ನಲ್ಲಿ 165 ಎತ್ತಿ ಮುಂದೆ ಇದ್ರು, ಕ್ಲೀನ್ ಅಂಡ್ ಜರ್ಕ್‌ನಲ್ಲಿ 191 ಕೆಜಿಗೆ ಮೂರೂ ಸಲ ಆಗ್ಲಿಲ್ಲ. ಕೋಚು, ಫಿಸಿಯೋ ಇಲ್ಲದ ಟೀಮು ಅಂತ ಚೀನಾಕ್ಕೆ ಯಾರೂ ಹೇಳ್ಲಿಕ್ಕಿಲ್ಲ.

ಇನ್ನು ನಮ್ಮ ಊರಿನ ಕಥೆ, ನನಗೆ ಎಲ್ಲಕ್ಕಿಂತ ಇಷ್ಟ. ಕುಂದಾಪುರ ಕಡೆಯ ಗುರುರಾಜ ಪೂಜಾರಿ, ಲಾರಿ ಡ್ರೈವರ್ ಮಗ, 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್, 56 ಕೆಜಿ ವಿಭಾಗ. ಸ್ನ್ಯಾಚ್ 111 ಆಗಿದೆ. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲನೇದು ಆಗ್ಲಿಲ್ಲ, ಎರಡನೇದೂ ಆಗ್ಲಿಲ್ಲ. ಉಳಿದದ್ದು ಒಂದೇ, ಅದೂ ಹೋದ್ರೆ ಬೆಳ್ಳಿ ಬಿಡಿ, ಲಿಸ್ಟ್‌ನಲ್ಲಿ ಹೆಸರಿನ ಎದುರು ಒಂದು ನಂಬರೂ ಇರುದಿಲ್ಲ. ಮನೆಯವರನ್ನು, ದೇಶವನ್ನು ನೆನೆಸಿಕೊಂಡೆ ಅಂತ ಆಮೇಲೆ ಹೇಳಿದ್ರು. ಮೂರನೇ ಸಲಕ್ಕೆ 138 ಮೇಲೆ ಹೋಯ್ತು, ಟೋಟಲ್ 249, ಬೆಳ್ಳಿ, ಆ ಗೇಮ್ಸ್‌ನಲ್ಲಿ ಇಂಡಿಯಾಕ್ಕೆ ಮೊದಲ ಪದಕ. ನಮಗೆ ಪೇಪರ್‌ನಲ್ಲಿ ಕಂಡದ್ದು ಬೆಳ್ಳಿ, ಬಾಂಬ್ ಆಗ್ಲಿಕ್ಕೆ ಒಂದೇ ಹೆಜ್ಜೆ ಇತ್ತು ಅನ್ನುದು ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಪ್ರಶ್ನೆ: ಬೆಂಚ್ ಶರ್ಟ್ ಹಾಕಿದ ಮೇಲೆ ನನ್ನ ಬಾರ್ ಎದೆಗೇ ಮುಟ್ಟಲ್ಲ ಸರ್, ಮೂರೂ ಸಲ ಗಾಳಿಯಲ್ಲೇ ನಿಂತಿತು. ಶರ್ಟ್ ಸರಿ ಇಲ್ವಾ?
(ಇಬ್ಬರು ಗೆಳೆಯರು, ದಾವಣಗೆರೆ)

ಉತ್ತರ: ಶರ್ಟ್ ಸರಿಯೇ ಉಂಟು, ಅದರ ಕೆಲಸವೇ ಅದು. ಸ್ಪ್ರಿಂಗ್ ಹಾಗೆ, ಕೆಳಗೆ ತರುವಾಗ ತಡೆಯುದು, ಮೇಲೆ ಹೋಗುವಾಗ ದೂಡುದು. ಅದನ್ನು ಎದೆವರೆಗೆ ಇಳಿಸ್ಲಿಕ್ಕೆ ಬಾರ್ ಮೇಲೆ ಸಾಕಷ್ಟು ಭಾರ ಬೇಕು. ಹಾಗಾಗಿ ಇಕ್ವಿಪ್ಡ್‌ನಲ್ಲಿ, ಅಂದ್ರೆ ಇಂಥಾ ಬಿಗಿ ಶರ್ಟ್, ಸೂಟ್ ಹಾಕಿ ಆಡುವ ವಿಭಾಗದಲ್ಲಿ, ನಾನು ಮೇಲೆ ಹೇಳಿದ ಉಪದೇಶ ಅರ್ಧ ತಲೆಕೆಳಗು, ಕಮ್ಮಿ ತೂಕಕ್ಕೆ ಓಪನ್ ಮಾಡಿದ್ರೆ ಬಾರ್ ಮುಟ್ಟುದೇ ಇಲ್ಲ, ಹೆಚ್ಚಿಗೆ ಮಾಡಿದ್ರೆ ಎತ್ತಲಿಕ್ಕಾಗುದಿಲ್ಲ, ಮಧ್ಯೆ ಇರುವ ಸಂದು ಬಹಳ ಚಿಕ್ಕದು. ಇಕ್ವಿಪ್ಡ್ ಸ್ಪರ್ಧೆಯಲ್ಲಿ ಬೆಂಚ್ ಹೊತ್ತಿಗೆ ಲೈನಾಗಿ ಬಾಂಬ್ ಆಗುದು ಇದೇ ಕಾರಣಕ್ಕೆ. ಸ್ಪರ್ಧೆಗೆ ಒಂದು ವಾರ ಇದ್ದಾಗ ಹೊಸ ಶರ್ಟ್ ಕೊಂಡು ಹೋಗುದು, ಅಥವಾ ಗೆಳೆಯನದ್ದು ಕಡ ತಂದು ಹಾಕುದು, ಇವೆರಡೂ ಕಂಡಾಪಟ್ಟೆ ಕಂಡಿದ್ದೇನೆ. ಯಾವ ತೂಕಕ್ಕೆ ಮುಟ್ಟುತ್ತದೆ ಅಂತ ಪ್ರಾಕ್ಟೀಸ್‌ನಲ್ಲಿ ಮೂರು ನಾಲ್ಕು ವಾರ ಬರೆದಿಡಿ, ಖಂಡಿತ ಮುಟ್ಟುವ ಅತಿ ಕಡಿಮೆ ತೂಕವೇ ನಿಮ್ಮ ಓಪನರ್. ಹೊಸಬರಾದ್ರೆ ಶರ್ಟ್, ಸೂಟ್ ಎಂತದೂ ಬೇಡ, ಅವೆರಡೂ ಇಲ್ಲದ ಕ್ಲಾಸಿಕ್ ವಿಭಾಗದಲ್ಲೇ ಆಡಿ. ನೀವಿಬ್ಬರೂ ಒಂದೇ ಶರ್ಟನ್ನು ಸರದಿಯಲ್ಲಿ ಹಾಕ್ತೀರಿ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ಅದಕ್ಕೆ ಉತ್ತರ ಕೊಡುವಷ್ಟು ಜಾಗ ಇಲ್ಲ.

ಪ್ರಶ್ನೆ: ಡೆಡ್‌ಲಿಫ್ಟ್‌ನಲ್ಲೂ ಯಾರಾದ್ರೂ ಬಾಂಬ್ ಆಗ್ತಾರಾ?
(ಕಾರ್ಕಳ)

ಉತ್ತರ: ಕಮ್ಮಿ, ಆದ್ರೆ ಆದಾಗ ನೋಡ್ಲಿಕ್ಕಾಗುದಿಲ್ಲ, ಎರಡು ಮುಗಿಸಿ ಬಂದವರು ದಡದಲ್ಲಿ ಮುಳುಗಿದ ಹಾಗೆ. ಇಲ್ಲಿ ಇರುದು "ಡೌನ್" ಅಂತ ಒಂದೇ ಕಮಾಂಡ್, ಅದನ್ನೂ ಕಾಯದೆ ಇಳಿಸುವವರು ಇದ್ದಾರೆ. ಇನ್ನು ಬಾರನ್ನು ತೊಡೆ ಮೇಲೆ ಕೂರಿಸಿ ಕೂರಿಸಿ ಮೇಲೇರಿಸುದು, ಅದೂ ಫೇಲ್. ನಮ್ಮ ಕರಾವಳಿಯಲ್ಲಿ ಬೆವರು ದೊಡ್ಡ ಶತ್ರು, ಏಪ್ರಿಲ್ ಮೇ ತಿಂಗಳಲ್ಲಿ ಸ್ಪರ್ಧೆ ಇಟ್ರೆ ಮೂರನೇ ಎತ್ತಿಗೆ ಬರುವಷ್ಟರಲ್ಲಿ ಕೈ ಮೀನಿನ ಹಾಗೆ ಜಾರ್ತದೆ. ಕೈಗೆ ಚಾಕ್ ಪುಡಿ, ತೊಡೆಗೆ ಬೇಕಾದ್ರೆ ಬೇಬಿ ಪೌಡರ್. ಅದೇ ಪೌಡರ್ ಕೈಗೆ ಮೆತ್ತಿಕೊಂಡು ಬಾರ್ ಹಿಡಿದ ಹುಡುಗನಿಗೆ ಆಮೇಲೆ ಇಡೀ ಹಾಸ್ಟೆಲ್‌ನಲ್ಲಿ ಏನು ಹೆಸರು ಬಿತ್ತು ಅಂತ ನಾನು ಇಲ್ಲಿ ಹೇಳುವ ಹಾಗಿಲ್ಲ.

ಪ್ರಶ್ನೆ: ನಮ್ಮೂರಲ್ಲಿ ಕೋಚ್ ಯಾರೂ ಇಲ್ಲ, ಸ್ಪರ್ಧೆಗೆ ಒಬ್ಬನೇ ಹೋಗ್ತೀನಿ. ಕಳೆದ ಸಲ ವಾರ್ಮ್‌ಅಪ್ ಮಾಡಿ ಒಂದೂವರೆ ಗಂಟೆ ಕಾದೆ, ಮೈಯೆಲ್ಲ ತಣ್ಣಗಾಯ್ತು, ಸ್ಕ್ವಾಟ್ ಮೂರೂ ಹೋಯ್ತು. ಏನ್ ಮಾಡ್ಲಿ?
(ಶಿವಮೊಗ್ಗ ಜಿಲ್ಲೆಯ ಓದುಗ)

ಉತ್ತರ: ಒಬ್ಬನೇ ಹೋಗ್ಬೇಡಿ. ಕೋಚೇ ಆಗ್ಬೇಕಂತಿಲ್ಲ, ಲೆಕ್ಕ ಬರುವ ಒಬ್ಬ ಗೆಳೆಯ ಸಾಕು. ಬೆಳಿಗ್ಗೆ ಹತ್ತಕ್ಕೆ ಅಂತ ಬರೆದ ಸ್ಪರ್ಧೆ ಉದ್ಘಾಟನೆ, ಭಾಷಣ, ಹಾರ ತುರಾಯಿ ಎಲ್ಲ ಮುಗಿದು ಒಂದಕ್ಕೆ ಶುರುವಾಗುದು ನಮ್ಮಲ್ಲಿ ಹೊಸತಲ್ಲ, ಹಾಗಾಗಿ ಗಡಿಯಾರ ನೋಡಿ ವಾರ್ಮ್‌ಅಪ್ ಮಾಡ್ಬೇಡಿ, ಜನ ನೋಡಿ ಮಾಡಿ. ನಿಮ್ಮ ಗ್ರೂಪ್‌ನಲ್ಲಿ ಎಷ್ಟು ಜನ, ನಿಮ್ಮ ಮುಂಚೆ ಎಷ್ಟು ಜನ ಎತ್ತುವವರು, ಒಬ್ಬರಿಗೆ ಸುಮಾರು ಒಂದು ನಿಮಿಷದ ಲೆಕ್ಕ ಹಾಕಿ ಹಿಂದಿನಿಂದ ಎಣಿಸಿ, ಕೊನೆಯ ವಾರ್ಮ್‌ಅಪ್ ಎತ್ತು ಪ್ಲಾಟ್‌ಫಾರ್ಮ್‌ಗೆ ಹೋಗುವ ಐದಾರು ನಿಮಿಷ ಮೊದಲು ಮುಗಿಯುವ ಹಾಗೆ. ವಾರ್ಮ್‌ಅಪ್ ಜಾಗದಲ್ಲಿ ಒಂದೇ ರ್ಯಾಕ್‌ಗೆ ಹತ್ತು ಜನ ಇರ್ತಾರೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಎರಡನೇದು, ಒಂದು ಎತ್ತು ಮುಗಿದ ಒಂದು ನಿಮಿಷದ ಒಳಗೆ ಮುಂದಿನ ತೂಕ ಅಧಿಕಾರಿಗಳ ಟೇಬಲ್‌ಗೆ ಹೇಳ್ಬೇಕು. ಹೇಳದಿದ್ರೆ, ಪಾಸಾಗಿದ್ರೆ ಅವರೇ 2.5 ಕೆಜಿ ಏರಿಸಿ ಹಾಕ್ತಾರೆ, ಫೇಲ್ ಆಗಿದ್ರೆ ಅದೇ ತೂಕ. ನೀವು ಏದುಸಿರು ಬಿಡ್ತಾ ಬೆಲ್ಟ್ ಬಿಚ್ಚುತ್ತಾ ಇರುವಾಗ ಇದನ್ನು ಓಡಿ ಹೇಳ್ಲಿಕ್ಕೇ ಆ ಗೆಳೆಯ. ಮತ್ತೆ ಎಲ್ಲರೂ ಮರೆಯುವ ಒಂದು ಸಂಗತಿ, ಓಪನರನ್ನು ಒಮ್ಮೆ ಬದಲಿಸ್ಲಿಕ್ಕೆ ಅವಕಾಶ ಉಂಟು, ಮೇಲಕ್ಕೂ ಕೆಳಕ್ಕೂ. ಮೊದಲ ಗ್ರೂಪ್ ಆದ್ರೆ ಆ ಎತ್ತಿನ ಮೊದಲ ರೌಂಡ್ ಶುರುವಾಗುವ ಮೂರು ನಿಮಿಷ ಮೊದಲಿನವರೆಗೆ. ವಾರ್ಮ್‌ಅಪ್‌ನಲ್ಲಿ ಮೈ ಭಾರ ಅನಿಸಿತೋ, ಓಡಿ ಹೋಗಿ 5, 10 ಕೆಜಿ ಇಳಿಸಿ ಬನ್ನಿ. ತೂಕ ಇಳಿಸ್ಲಿಕ್ಕೆ ಸಿಗುವ ಚಾನ್ಸ್ ಅದೊಂದೇ. ಓಪನರ್ ಬರೆದ ಚೀಟಿ ಕೊಟ್ಟಾಗಿದೆ, ಇನ್ನೆಂತ ಮಾಡುದು ಅಂತ ಕೂತವರು ಎಷ್ಟೋ ಜನ.

ಪ್ರಶ್ನೆ: ಬಾಂಬ್ ಆದ ಮೇಲೆ ಮನೆಗೆ ಹೋಗೋದೇನಾ? ಮತ್ತೆ ನೀವು ಇಷ್ಟೆಲ್ಲ ಹೇಳ್ತೀರಲ್ಲ ಸರ್, ನೀವು ಯಾವತ್ತಾದ್ರೂ ಬಾಂಬ್ ಆಗಿದೀರಾ? ಸಿಟ್ಟಾಗ್ಬೇಡಿ.
(ಮೈಸೂರು)

ಉತ್ತರ: ಸಿಟ್ಟೆಂತಕ್ಕೆ. ಮೊದಲನೇದಕ್ಕೆ ಉತ್ತರ, ಟೋಟಲ್‌ನಿಂದ ಔಟ್, ಆದ್ರೆ ಒಂದೊಂದು ಎತ್ತಿಗೂ ಬೇರೆ ಪದಕ ಇರುವ ಕಡೆ ಉಳಿದದ್ದನ್ನು ಆಡ್ಲಿಕ್ಕೆ ಬಿಡ್ತಾರೆ, ಅಧಿಕಾರಿಗಳ ಹತ್ತಿರ ಕೇಳಿ. ಟೀಮ್‌ಗೆ ಮಾತ್ರ ನಿಮ್ಮಿಂದ ಸೊನ್ನೆ. ಐಪಿಎಫ್ ಲೆಕ್ಕದಲ್ಲಿ ಮೊದಲ ಸ್ಥಾನಕ್ಕೆ 12 ಪಾಯಿಂಟ್, ಎರಡಕ್ಕೆ 9, ಮೂರಕ್ಕೆ 8, ಹಾಗೆ ಇಳೀತಾ ಹೋಗ್ತದೆ, ಹತ್ತನೇ ಸ್ಥಾನಕ್ಕೂ 1 ಉಂಟು. ಬಾಂಬ್ ಆದವನಿಗೆ ಅದೂ ಇಲ್ಲ.

ಎರಡನೇದು, ಆಗಿದ್ದೇನೆ. ಯೂನಿವರ್ಸಿಟಿ ದಿನಗಳಲ್ಲಿ, ಬೆಂಚ್‌ನಲ್ಲಿ. ನನ್ನ ಬೆಸ್ಟ್ 105, ಚೀಟಿಯಲ್ಲಿ 95 ಅಂತ ಬರೆದಿದ್ದೆ. ಆಮೇಲೆ ಬೇರೆ ಕಾಲೇಜಿನವನೊಬ್ಬ 100ಕ್ಕೆ ಓಪನ್ ಮಾಡ್ತಾನಂತೆ ಅಂತ ಯಾರೋ ಬಂದು ಕಿವಿಯಲ್ಲಿ ಹೇಳಿದ್ರು, ನಾನು ಓಡಿ ಹೋಗಿ 102.5 ಮಾಡಿ ಬಂದೆ. ಈಗ ಮೇಲೆ ಹೇಳಿದೆ ನೋಡಿ, ಓಪನರ್ ಬದಲಿಸುವ ಅವಕಾಶ, ಅದನ್ನು ನಾನು ಬಳಸಿದ್ದು ಹೀಗೆ. ಮೊದಲನೇದು ಒಂದು ಕೈ ಮೊದಲು ಲಾಕ್ ಆಯ್ತು, ಇನ್ನೊಂದು ಆಗ್ಲೇ ಇಲ್ಲ. ಎರಡನೇದು ಅರ್ಧಕ್ಕೆ ನಿಂತಿತು. ಮೂರನೇದು ಎದೆಯಿಂದ ಏಳ್ಲೇ ಇಲ್ಲ, ಇಬ್ಬರು ಸ್ಪಾಟರ್‌ಗಳು ಗೋಣಿಚೀಲ ಎತ್ತಿದ ಹಾಗೆ ಬಾರ್ ಎತ್ತಿದ್ರು. ಆ 100ರವನು ನಿಜಕ್ಕೂ ಓಪನ್ ಮಾಡಿದ್ದು 90ಕ್ಕೆ, ಆ ದಿನ ಅವನಿಗೆ ಮೂರನೇ ಪ್ಲೇಸು. ರಾತ್ರಿ ಬಸ್ಸಿಗೆ ಹತ್ತಿ ಬೆಳಿಗ್ಗೆ ಮನೆಗೆ ಬಂದೆ, ಅಂಗಳದಲ್ಲಿ ತೆಂಗಿನ ಗರಿ ಸಿಗಿಯುತ್ತಿದ್ದ ಅಪ್ಪ ತಲೆ ಎತ್ತಿ "ಎಷ್ಟನೇದು?" ಅಂತ ಕೇಳಿದ್ರು. ಎಷ್ಟನೇದೂ ಅಲ್ಲ ಅಂತ ಹೇಗೆ ಹೇಳುದು, "ಇನ್ನೂ ಲಿಸ್ಟ್ ಹಾಕ್ಲಿಲ್ಲ" ಅಂದೆ. ಅವರು ಎರಡು ವಾರ ದಿನಾ ಕೇಳಿದ್ರು, ಲಿಸ್ಟ್ ಹಾಕಿದ್ರಾ ಅಂತ.

ಮರು ವರ್ಷ 90ಕ್ಕೆ ಓಪನ್ ಮಾಡಿದೆ. ವಾರ್ಮ್‌ಅಪ್ ಹತ್ತಿರ ಒಬ್ಬ "ಇಷ್ಟೇನಾ?" ಅಂತ ಕೇಳಿದ. ಇಷ್ಟೇ ಅಂದೆ.

ಹುಬ್ಬಳ್ಳಿಯ ತಮ್ಮ, ನಿಮ್ಮ ಹೊಸ ವಿಡಿಯೋ ಕಾಯ್ತಾ ಇದ್ದೇನೆ. 160 ಕೆಜಿ, ಬದಿಯಿಂದ.